ಕೆಮಿಗಿಶಾಳ ಸರದಿ

ಹೆಂಡತಿ ಕೆಮಿಗಿಶಾ ಅಡುಗೆಮನೆಯಲ್ಲಿ ಕದ್ದು ತಿನ್ನುತ್ತಿರುವುದನ್ನು ಮುಗುಮೆ ಕಣ್ಣಾರೆ ಕಂಡ. ಬೇಯಿಸಿ ಹಿಸುಕಿದ ಬಾಳೆಕಾಯಿ, ಮೇಲೆ ಕಡಲೆಕಾಯಿಯ ಗೊಜ್ಜು. ಬಾಗಿಲಿಗೆ ಬೆನ್ನು ಹಾಕಿ, ನಿಂತೇ, ಗಬಗಬನೆ ತಿನ್ನುತ್ತಿದ್ದಳು.

ಮರುದಿನ ಅವಳ ಕರುಳಿನ ಪರೀಕ್ಷೆ. ನೀರು, ಹಾಲಿಲ್ಲದ ಚಹಾ ಬಿಟ್ಟರೆ ಇವತ್ತು ಬಾಯಿಗೆ ಏನೂ ಹೋಗಕೂಡದು, ಭೇದಿಯ ಔಷಧಿ ಕುಡಿದು ಹೊಟ್ಟೆ ಪೂರ್ತಿ ಖಾಲಿ ಮಾಡಿಕೊಂಡಿರಬೇಕು ಎಂದು ನರ್ಸಮ್ಮ ಒತ್ತಿ ಒತ್ತಿ ಹೇಳಿದ್ದಳು. ಇಲ್ಲದಿದ್ದರೆ ಬಂದ ದಾರಿಗೆ ವಾಪಸು.

ಆ ಸರದಿ ಸುಮ್ಮನೆ ಸಿಕ್ಕಿದ್ದಲ್ಲ. ಮಳೆ ಹಿಡಿಯುವ ಮೊದಲು ಕಂಪಾಲಾದಿಂದ ವೈದ್ಯರ ತಂಡವೊಂದು ಬಂದು ಚರ್ಚಿನ ಅಂಗಳದಲ್ಲಿ ಜನರ ರಕ್ತ ತೆಗೆದುಕೊಂಡಿತ್ತು. ರಕ್ತದಲ್ಲಿರುವ ಕೆಲವು ಗುರುತುಗಳನ್ನು ಅಳೆದರೆ, ದೊಡ್ಡ ಕರುಳಿನ ಕ್ಯಾನ್ಸರ್ ಯಾರಿಗೆ ಬರುವ ಸಂಭವ ಹೆಚ್ಚು ಎಂದು ಮೊದಲೇ ತಿಳಿಯುತ್ತದಂತೆ. ಕೆಮಿಗಿಶಾ ತಂಗಿ ತುಶಾಬೆಯನ್ನೂ ಎಳೆದುಕೊಂಡು ಹೋಗಿದ್ದಳು. ಅವರ ತಾಯಿ ಸತ್ತದ್ದು ಅದೇ ರೋಗದಿಂದ. ಆಮೇಲೆ ತಂಗಿಯನ್ನು ತಾಯಿಯಂತೆ ಬೆಳೆಸಿದವಳು ಕೆಮಿಗಿಶಾ.

ಅಕ್ಕನ ರಕ್ತದಲ್ಲಿ ಅಪಾಯ ಹೆಚ್ಚು ಎಂದು ಬಂತು. ತಂಗಿಯದರಲ್ಲಿ ಕಡಿಮೆ. ಕೊಳವೆ ಇಳಿಸಿ ಕರುಳು ನೋಡುವ ಯಂತ್ರ ಸುತ್ತಲಿನ ಸೀಮೆಗೆಲ್ಲ ಒಂದೇ. ಹಾಗಾಗಿ ಅಪಾಯ ಹೆಚ್ಚು ಎಂದು ಬಂದವರಿಗೆ ಮಾತ್ರ ಸರದಿ. ತನಗೆ ಆಗಾಗ ಮಲದಲ್ಲಿ ರಕ್ತ ಹೋಗುತ್ತದೆ ಎಂದು ತುಶಾಬೆ ನಾಚಿಕೊಂಡೇ ಹೇಳಿದಳು. ಹೆರಿಗೆಯಾದವರಿಗೆ ಮೂಲವ್ಯಾಧಿ ಮಾಮೂಲು ಎಂದು ಮುಲಾಮು ಕೊಟ್ಟು ಕಳಿಸಿದರು.

"ರಕ್ತ ಹೇಳೋದು ಮಳೆ ಬರಬಹುದು ಅಂತ ಅಷ್ಟೇ, ಬಂತು ಅಂತಲ್ಲ," ಎಂದು ನರ್ಸಮ್ಮ ಮುಗುಮೆಗೆ ಧೈರ್ಯ ಹೇಳಿದ್ದಳು. ಅವನಿಗೆ ಧೈರ್ಯ ಬಂದಿರಲಿಲ್ಲ. ಅತ್ತೆ ಕೊನೆಗಾಲದಲ್ಲಿ ನರಳಿದ್ದನ್ನು ಅವನೂ ಕೇಳಿಸಿಕೊಂಡಿದ್ದ.

ಈಗ ನೋಡಿದರೆ ಇವಳು ತಿನ್ನುತ್ತಿದ್ದಾಳೆ.

"ಸಾಯೋಕೆ ಅಷ್ಟು ಅವಸರನಾ ನಿನಗೆ?"

ಕೆಮಿಗಿಶಾ ಬೆಚ್ಚಿದಳು. ತಟ್ಟೆ ಕೆಳಗಿಟ್ಟು ಬಾಯಿ ಒರೆಸಿಕೊಂಡಳು.

"ನಾನು ಎರಡು ತುತ್ತು ತಿಂದ ಮಾತ್ರಕ್ಕೆ ನಾಳಿನ ಪರೀಕ್ಷೆ ಕೆಡಲ್ಲ."

"ಓಹೋ. ಡಾಕ್ಟರಿಗಿಂತ ನಿನಗೇ ಜಾಸ್ತಿ ಗೊತ್ತು."

ಅಷ್ಟರಲ್ಲಿ ಹಿತ್ತಿಲಿನಿಂದ ತುಶಾಬೆ ಒಳಗೆ ಬಂದಳು. ಅಕ್ಕನಿಗೆ ಜೊತೆಯಾಗಿರಲೆಂದು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ಮುಖ ಬಿಳಿಚಿತ್ತು. ಹೆದರಿದರೆ ಹೊಟ್ಟೆ ಕೆಡಿಸಿಕೊಳ್ಳುವುದು ಅವಳ ಹುಟ್ಟುಗುಣ. ಅಕ್ಕನನ್ನು ಬೈಯಬೇಡಿ ಭಾವ, ಅವಳ ಹೊಣೆ ನನಗಿರಲಿ ಎಂದು ಬೇಡಿಕೊಂಡಳು. ಮುಗುಮೆ ತಟ್ಟೆ ಎತ್ತಿ ಕೋಳಿಗಳ ಮುಂದೆ ಸುರಿದು, ಹಾಲಿನ ಕ್ಯಾನುಗಳನ್ನು ಬೈಕಿಗೆ ಕಟ್ಟಿಕೊಂಡು ಹೊರಟುಹೋದ.

ಮರುದಿನ ಒಳಗೆ ಜೊತೆಗೆ ಬಿಟ್ಟಿದ್ದು ಒಬ್ಬ ಹೆಂಗಸನ್ನು ಮಾತ್ರ. ಮುಗುಮೆ ಆಸ್ಪತ್ರೆಯ ಗೇಟಿನ ಹೊರಗೆ ನಿಂತ. ಈಗ ಬೈದು ಕಳಿಸುತ್ತಾರೆ, ಇನ್ನೇನು ಕಳಿಸುತ್ತಾರೆ ಎಂದು ಬಾಗಿಲನ್ನೇ ನೋಡುತ್ತಿದ್ದ. ಸಂಜೆಗೆ ಅಕ್ಕತಂಗಿ ಹೊರಬಂದರು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದ ಅವರಲ್ಲಿ ಯಾರು ಯಾರಿಗೆ ಆಸರೆಯಾಗಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ.

ಗಂಟೊಂದು ಸಿಕ್ಕಿತ್ತು. ಕೊಳವೆಯಿಂದಲೇ ಬುಡಸಮೇತ ತೆಗೆದಿದ್ದರು. ಅದರೊಳಗೆ ಕ್ಯಾನ್ಸರ್ ಆಗಷ್ಟೇ ಕಣ್ಣು ಬಿಡುತ್ತಿತ್ತು, ಇನ್ನೊಂದಿಷ್ಟು ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಆಮೇಲೆ ತಿಳಿಯಿತು. ಮುಗುಮೆ ಮಗುವಿನಂತೆ ಅತ್ತ. ಮನೆಯಲ್ಲಿ ಆಡು ಕಡಿಸಿದ. ಅಡುಗೆಮನೆಯಲ್ಲಿ ಆಡಿದ ಮಾತಿಗೆ ಎಲ್ಲರೆದುರೇ ಹೆಂಡತಿಯ ಕ್ಷಮೆ ಕೇಳಿದ.

ಕೆಮಿಗಿಶಾ ಅಂಗಳದಲ್ಲಿ ಆಡುತ್ತಿದ್ದ ತಂಗಿಯ ಮಕ್ಕಳನ್ನೇ ನೋಡುತ್ತಿದ್ದಳು. "ಒಂದು ಜೀವ ಉಳೀತಲ್ಲ," ಎಂದಳು. "ಸಾಕು."

ವರ್ಷಕ್ಕೊಮ್ಮೆ ಬಂದು ತೋರಿಸಬೇಕೆಂದಿದ್ದರು. ಪ್ರತಿ ಸಲ ಅಕ್ಕತಂಗಿ ಕೂಡಿಯೇ ಹೋದರು, ಪ್ರತಿ ಸಲ ಶುದ್ಧವಾಗಿದೆ ಎಂದೇ ಬಂತು. ಅಕ್ಕನ ಚಿಂತೆ ಕಳೆದ ಮೇಲೆ ತುಶಾಬೆಯೂ ಮೈಕೈ ತುಂಬಿಕೊಂಡಳು. ಮುಗುಮೆ ಹಾಲಿನ ಡಿಪೋದಲ್ಲಿ ಸಿಕ್ಕವರಿಗೆಲ್ಲ ರಕ್ತಪರೀಕ್ಷೆಯ ಮಹಿಮೆ ಹೇಳಿದ. ತಂಡ ಮತ್ತೆ ಚರ್ಚಿಗೆ ಬಂದಾಗ ಇನ್ನೊಮ್ಮೆ ರಕ್ತ ಕೊಡು ಎಂದು ಹೆಂಡತಿಗೂ ಹೇಳಿದ. ತನ್ನ ಸರದಿ ಮುಗಿಯಿತು, ಬೇರೆಯವರಿಗೆ ಸಿಗಲಿ ಎಂದು ಅವಳು ನಕ್ಕು ಜಾರಿಕೊಂಡಳು.

ಮೂರನೆಯ ವರ್ಷ ಅವಳು ಸೊರಗತೊಡಗಿದಳು. ಗ್ಯಾಸು ಎಂದಳು, ವಯಸ್ಸು ಎಂದಳು. ಹಾಲು ಕೂಡ ಹೊಟ್ಟೆಯಲ್ಲಿ ನಿಲ್ಲದಾದಾಗ ಮುಗುಮೆ ಅವಳನ್ನು ಎತ್ತಿಕೊಂಡೇ ಬೇರೊಂದು ಆಸ್ಪತ್ರೆಗೆ ಒಯ್ದ. ಕರುಳು ಗಡ್ಡೆಯಿಂದ ಕಟ್ಟಿಕೊಂಡಿತ್ತು, ಯಕೃತ್ತಿಗೂ ಹಬ್ಬಿತ್ತು. ಇದು ನಿನ್ನೆ ಮೊನ್ನೆಯದಲ್ಲ, ವರ್ಷಗಟ್ಟಲೆ ಕೂತು ಬೆಳೆದದ್ದು ಎಂದರು ವೈದ್ಯರು. ಈಗ ಮಾಡುವಂಥದ್ದೇನೂ ಉಳಿದಿಲ್ಲ. ನೋವಿಗೆ ಔಷಧಿ ಕೊಡುತ್ತೇವೆ, ಮನೆಗೆ ಕರೆದುಕೊಂಡು ಹೋಗಿ.

ಮುಗುಮೆಗೆ ಮೈಯೆಲ್ಲ ಉರಿಯಿತು. ಮನೆಗೆ ತಂದು ಮಲಗಿಸಿದವನೇ ಬೈಕಿನ ಕೀಲಿ ಹುಡುಕಿದ.

"ವರ್ಷ ವರ್ಷ ಕೊಳವೆ ಇಳಿಸಿ ನೋಡಿದರಲ್ಲ, ಏನು ನೋಡಿದರು ಅವರು? ಕಣ್ಣಿರಲಿಲ್ವಾ? ಇವತ್ತು ಅವರ ಕುತ್ತಿಗೆಪಟ್ಟಿ ಹಿಡಿದು ಕೇಳ್ತೀನಿ."

ತುಶಾಬೆ ಬಾಗಿಲಿಗೆ ಅಡ್ಡ ನಿಂತಳು. ಹಾಸಿಗೆಯಿಂದ ಕೆಮಿಗಿಶಾ ಕ್ಷೀಣವಾಗಿ ತಂಗಿಯ ಹೆಸರು ಕರೆದಳು, ಬೇಡ ಎನ್ನುವಂತೆ. ತುಶಾಬೆ ಅಕ್ಕನತ್ತ ತಿರುಗಲಿಲ್ಲ.

"ಅವರದೇನೂ ತಪ್ಪಿಲ್ಲ ಭಾವ. ಮೊದಲ ಸಲದಿಂದಲೂ ಅಕ್ಕನ ಹೆಸರು ಹೇಳಿಕೊಂಡು ಒಳಗೆ ಹೋಗಿ ಮಲಗ್ತಿದ್ದವಳು ನಾನು."