ಕೌದಿಯ ಹೊಟ್ಟೆ

ಬೆಳಗಿನ ಏಳು ಗಂಟೆಗೆ ಕಾವಲಿನ ಹೆಂಗಸು ಸೂಜಿಗಳನ್ನು ಎಣಿಸಿದಾಗ ಹನ್ನೆರಡರಲ್ಲಿ ಒಂದು ಇರಲಿಲ್ಲ. ಕರಿನೀರಿನ ಕೈದಿಗಳನ್ನು ಹೊತ್ತ ಆ ಹಡಗಿನಲ್ಲಿ ಹೆಂಗಸರು ಹರಕು ಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಿದ್ದರು.

"ಕದ್ದವಳನ್ನ ತೋರಿಸಿದವಳಿಗೆ ಕಾಲ್ಬೇಡಿ ಬಿಚ್ಚಿಸ್ತೀನಿ. ಸೂಜಿ ಸಿಗದಿದ್ರೆ ಇವತ್ತಿಡೀ ಯಾರಿಗೂ ಹನಿ ನೀರಿಲ್ಲ."

ತಿಪ್ಪವ್ವನಿಗೆ ದಿನ ತುಂಬಿತ್ತು. ಬೇಡಿ ಹಾಕಿಕೊಂಡು ಹೆರುವುದು ಹೇಗೆಂಬುದೊಂದೇ ಅವಳ ಚಿಂತೆ. ಗಂಡನಿಗೆ ವಿಷವಿಟ್ಟವಳೆಂದು ಉಳಿದವರು ಅವಳನ್ನು ಕೌದಿಯ ಹತ್ತಿರಕ್ಕೂ ಸೇರಿಸಿರಲಿಲ್ಲ.

"ದುರಗವ್ವ ನಿನ್ನೆ ಕೌದಿಯೊಳಗ ಏನೋ ತುರುಕಿ ಬಾಯಿ ಹೊಲದಾಳ್ರಿ," ಎಂದಳು.

"ನಿನ್ನ ನಾಲಿಗಿ ಸೀಳಿಹೋಗ್ಲಿ!" ದುರಗವ್ವ ಕೌದಿಯನ್ನು ಎದೆಗವಚಿಕೊಂಡಳು. "ಇದನ್ನ ಬಿಚ್ಚಬ್ಯಾಡ್ರಿ!"

ಕಾವಲಿನವಳು ಕಸಿದುಕೊಂಡು ಉದ್ದಕ್ಕೂ ಹರಿದಳು. ಒಂದು ಹಿಡಿ ಅವಲಕ್ಕಿ ಉದುರಿತು. ಸೂಜಿ ಇರಲಿಲ್ಲ. ಸಿಟ್ಟಿನಲ್ಲಿ ಕೌದಿಯನ್ನು ಸಮುದ್ರಕ್ಕೆ ಎಸೆದಳು. ತಿಪ್ಪವ್ವನ ಬೇಡಿ ಬಿಚ್ಚಲಿಲ್ಲ.

"ಅವಲಕ್ಕಿ ಯಾಕ ಹೊಲದಿಟ್ಟಿದ್ದಿ?" ಎಂದು ತಿಪ್ಪವ್ವ ಕಿರುಚಿದಳು.

"ಕೂಸಿನ ಕೌದಿ ಹೊಟ್ಟಿ ಬರಿದಿಟ್ಟು ಬಾಯಿ ಹೊಲಿಯೂದಿಲ್ಲಲೇ, ಖೋಡಿ, ಕೂಸು ಉಪವಾಸ ಬೀಳ್ತದ," ಎಂದಳು ದುರಗವ್ವ. "ಈ ಹಡಗಿನ್ಯಾಗ ನಿನ್ನ ಬಿಟ್ಟು ಬಸುರಿ ಇನ್ಯಾರದಾರ?"

ಮೂರನೆಯ ದಿನ ಹುಟ್ಟಿದ ಹೆಣ್ಣುಕೂಸನ್ನು ಗೋಣಿತಟ್ಟಿನಲ್ಲಿ ಸುತ್ತಿದರು.