ಪಾರೂನ ಪಾಳಿ

ಪಟ್ಟಿ ಹಸಿರಿನಲ್ಲಿ ನಿಂತಿತು. ಮೂರೂವರೆ ವರ್ಷದ ಪವನನ ತೋಳಿಗೆ ಸುತ್ತಿದ್ದ ಅಪೌಷ್ಟಿಕತೆ ಅಳೆಯುವ ಆ ಮೂರು ಬಣ್ಣದ ಪಟ್ಟಿಯನ್ನು ಡಾಕ್ಟರ್ ಬೃಂದಾ ಬಿಚ್ಚಿ ಇನ್ನೊಮ್ಮೆ ಸುತ್ತಿದಳು. ಮತ್ತೆ ಹಸಿರೇ. ಹೋಳಿಯ ಹೊತ್ತಿಗೆ ಇದೇ ತೋಳು ಕೆಂಪಿನಲ್ಲಿತ್ತು, ಮಗು ನೆಟ್ಟಗೆ ಕೂರಲೂ ಆಗದೆ ತಾಯಿಯ ಹೆಗಲಿಗೆ ಜೋತುಬಿದ್ದಿತ್ತು. ಬೃಂದಾಗೆ ಖುಷಿಯಾಯಿತು. ಈ ಕೆಲಸದಲ್ಲಿ ಖುಷಿ ಸಿಗುವುದೇ ಅಪರೂಪ, ಸಿಕ್ಕಾಗ ಬಿಡಬಾರದು. ತನ್ನ ಊಟದ ಚೀಲದಲ್ಲಿದ್ದ ಬಾಳೆಹಣ್ಣನ್ನು ತೆಗೆದು ಪವನನ ಕೈಗೆ ಕೊಟ್ಟಳು.

"ಇನ್ನು ಇವನಿಗೆ ಆಹಾರದ ಪೊಟ್ಟಣ ಬೇಡಮ್ಮ. ಗೆದ್ದುಬಿಟ್ಟ ನಿನ್ನ ಮಗ."

ಇಂದುಮತಿ ನಗಲಿಲ್ಲ. ಸೆರಗಿನ ಹಿಂದೆ ನಿಂತಿದ್ದ ಮಗಳನ್ನು ಮುಂದಕ್ಕೆ ಎಳೆದಳು. "ಹಂಗಾದ್ರ ಈಗ ಇಕಿನ ನೋಡ್ರಿ ಅಕ್ಕಾರ."

ಪಾರು, ಪವನನ ಅವಳಿ. ಅವಳ ತೋಳಿಗೆ ಸುತ್ತಿದ ಪಟ್ಟಿ ಹಸಿರು ದಾಟಿ, ಹಳದಿ ದಾಟಿ, ಕೆಂಪಿನಲ್ಲಿ ನಿಂತಿತು. ನಾಗಪುರದ ಹೊರವಲಯದ ಬುಟಿಬೋರಿಯ ಕೂಲಿಗಳ ತಗಡಿನ ಶೆಡ್ಡು ಅದು. ಮೇ ತಿಂಗಳ ಬಿಸಿಲಿಗೆ ತಲೆಯ ಮೇಲಿನ ಫ್ಯಾನು ಬೆಂಕಿಯನ್ನೇ ಊದುತ್ತಿತ್ತು. ವಾರಕ್ಕೊಮ್ಮೆ ನಗರದ ಧರಮಪೇಠದಿಂದ ಇಲ್ಲಿಗೆ ಬರುವ ಮೈಸೂರಿನ ಬೃಂದಾಗೆ ಕನ್ನಡ ಕೇಳಿಸುವುದು ಈ ಇಂದುಮತಿಯೊಬ್ಬಳ ಬಾಯಲ್ಲಿ. ಆ ಸಲುಗೆಯಿಂದಲೇ ಸಿಟ್ಟೂ ಬಂತು.

"ಹೋದ ತಿಂಗಳು ಚೆನ್ನಾಗಿದ್ದಳಲ್ಲ! ಏನಾಯ್ತು? ಭೇದಿನಾ? ಜ್ವರನಾ?"

"ಇಲ್ರಿ."

"ಮತ್ತೆ? ಊಟ ಕೊಡ್ತಿಲ್ವಾ ಇವಳಿಗೆ?"

"ಕಮ್ಮಿ ಕೊಟ್ಟೀನ್ರಿ," ಎಂದಳು ಇಂದುಮತಿ. ದನಿಯಲ್ಲಿ ಅಳುಕಿರಲಿಲ್ಲ.

"ಗಂಡುಮಗ ಅಂತ ಅವನಿಗೆ ತಿನ್ನಿಸಿ, ಹೆಣ್ಣುಮಗೂನ ಒಣಗಿಸಿದ್ಯಾ?"

"ಹಂಗ ಅನಬ್ಯಾಡ್ರಿ. ಸಂಕ್ರಾಂತಿಗೆ ಯಾರ ಕೆಂಪಿದ್ರು? ಇಕಿ. ಆವಾಗ ಇಕಿಗೇ ಪಾಕೀಟ ಕೊಟ್ರಿ. ಇಕಿ ಹಸರ ಆಗೋದ್ರಾಗ ಅಂವ ಕೆಂಪಾದ. ಈಗ ಅಂವ ಹಸರ, ಇಕಿ ಕೆಂಪ."

ಒಂದು ಮಗು ಏಳುವಾಗ ಇನ್ನೊಂದು ಬೀಳುವುದನ್ನು ಬೃಂದಾ ನೋಡಿದ್ದಳು. ಬಿಸಿಲು, ಕೆಟ್ಟ ನೀರು ಎಂದುಕೊಂಡು ಸುಮ್ಮನಾಗಿದ್ದಳು. ಮೂಲೆಯಲ್ಲಿ ಪವನ ಬಾಳೆಹಣ್ಣನ್ನು ಉಳಿಸಿ ಉಳಿಸಿ ತಿನ್ನುತ್ತಿದ್ದ.

"ಬಿಸಲ ಅಂತ ಮಧ್ಯಾಹ್ನಕ್ಕ ಕೆಲಸ ಬಂದ್ ಮಾಡ್ತಾರ, ಕೂಲಿ ಅರ್ಧಾ. ಅಂಗನವಾಡೀನೂ ಬಂದ್. ಹಾಲ ತಂದ್ರ ಈ ತಗಡಿನ್ಯಾಗ ಸಂಜಿಮಟಾ ಉಳಿಯಂಗಿಲ್ಲ. ತೊಗರಿ ಹೂ ಬಿಡೋ ಹೊತ್ತಿಗೆ ಮಳಿ ಹೊಡದು ಎಲ್ಲಾ ಉದುರಿ ಹೋತಂತ, ಬ್ಯಾಳಿ ರೇಟ ಕೇಳಾಂಗಿಲ್ಲ. ನಾವು ಕಲಬುರಗಿ ಮಂದಿ ಅಕ್ಕಾರ, ಬ್ಯಾಳಿ ಇಲ್ದ ಉಂಡಾವರಲ್ಲ." ಇಂದುಮತಿ ಸೆರಗಿನಿಂದ ಪಾರೂನ ಕತ್ತು ಒರೆಸಿದಳು. "ಮನ್ಯಾಗಿನ ಗಂಜಿ ಇಬ್ಬರಿಗೂ ಹಾಕಿದ್ರ ಇಬ್ಬರೂ ಹಳದಿ. ಹಳದಿಗೆ ನೀವೇನ ಕೊಡ್ತೀರಿ?"

ಹಳದಿಗೆ ಏನೂ ಇರಲಿಲ್ಲ. ಸಾಯುವ ಹಸಿವಿಗೆ ಶೇಂಗಾ ಪೇಸ್ಟಿನ ಪೊಟ್ಟಣವಿತ್ತು, ಅರೆಹೊಟ್ಟೆಗೆ ಯಾವ ಯೋಜನೆಯೂ ಇರಲಿಲ್ಲ.

"ಅದಕ್ಕ ಒಬ್ಬರರೆ ಕೆಂಪಿರಬೇಕ್ರಿ. ಅಂದ್ರ ಮನ್ಯಾಗ ಒಂದ ಹೊಟ್ಟಿ ತುಂಬತದ."

"ಆ ಪೊಟ್ಟಣವನ್ನೇ ಇಬ್ಬರಿಗೂ ಅಷ್ಟಷ್ಟು..." ಎಂದು ಶುರುಮಾಡಿದ ಬೃಂದಾ ಅಲ್ಲಿಗೇ ನಿಂತಳು.

"ನೀವೇ ಹೇಳಿದ್ರೆಲ್ಲರಿ, ಹಂಚಬ್ಯಾಡ, ಹಂಚಿದ್ರ ಇಬ್ಬರಿಗೂ ತಾಕಂಗಿಲ್ಲ ಅಂತ. ನಾ ಒಂದ ದಿನಾನೂ ಹಂಚಿಲ್ರಿ."

ಹೇಳಿದ್ದು ನಿಜ. ಪ್ರತಿ ತಾಯಿಗೂ ಬೆರಳು ತೋರಿಸಿ ಹೇಳಿದ್ದಳು. ವೈದ್ಯಶಾಸ್ತ್ರದ ಪ್ರಕಾರ ಅದರಲ್ಲಿ ತಪ್ಪೂ ಇರಲಿಲ್ಲ. ಆದರೂ ಬೃಂದಾಗೆ ನಾಚಿಕೆಯಾಯಿತು. ಅದನ್ನು ಮರೆಸಲು ಪೊಟ್ಟಣದ ಮೂಲೆಯನ್ನು ಕತ್ತರಿಸಿ ಪಾರೂನ ತುಟಿಗೆ ಹಿಡಿದಳು. ಕೆಂಪಿಗೆ ಬಂದ ಮಗು ಡಾಕ್ಟರ ಎದುರಿಗೇ ತಿಂದು ತೋರಿಸಬೇಕು. ತಿಂದರೆ ಪೊಟ್ಟಣಗಳ ಜೊತೆ ಮನೆಗೆ, ತಿನ್ನದಿದ್ದರೆ ನಾಗಪುರದ ದೊಡ್ಡ ಆಸ್ಪತ್ರೆಗೆ.

ಪಾರು ತುಟಿ ಬಿಗಿದಳು. ನೀರು ಕುಡಿಸಿ ಮತ್ತೆ ಹಿಡಿದರೆ ಮುಖ ತಿರುಗಿಸಿದಳು. ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಹೋದರೆ ಹಲ್ಲು ಕಚ್ಚಿ, ಪವನನ ಕಡೆ ನೋಡುತ್ತ ನಿಂತಳು. ಹಸಿದ ಮಗುವನ್ನು ಉಳಿಸಬಹುದು, ಹಸಿವೇ ಸತ್ತ ಮಗುವನ್ನು ಉಳಿಸುವುದು ಕಷ್ಟ. ಎಷ್ಟೋ ಸಲ ಇಂಥ ಮಕ್ಕಳು ವಾರ್ಡಿನಿಂದ ಮರಳಿ ಬಂದಿರಲಿಲ್ಲ.

"ತಡ ಮಾಡೋ ಹಾಗಿಲ್ಲಮ್ಮ, ಆಸ್ಪತ್ರೆಗೆ ಸೇರಿಸಲೇಬೇಕು," ಎಂದು ಆಂಬುಲೆನ್ಸ್ ಕರೆಸಲು ಫೋನ್ ಕೈಗೆತ್ತಿಕೊಂಡಳು.

"ತಡೀರಿ ಅಕ್ಕಾರ." ಇಂದುಮತಿ ಕುಕ್ಕರಗಾಲಲ್ಲಿ ಕೂತು ಮಗಳ ಗದ್ದ ಹಿಡಿದಳು. "ತಿನ್ನ ಪಾರೂ. ಪವ್ಯಾಂದು ಮುಗೀತು. ಇವತ್ತಿಂದ ನಿಂದ ಪಾಳಿ."

ಪಾರು ನಿಜವೋ ಸುಳ್ಳೋ ಎಂಬಂತೆ ಅವ್ವನ ಮುಖ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಪೊಟ್ಟಣವನ್ನು ಕಿತ್ತುಕೊಂಡು, ಉಸಿರು ಬಿಡದೆ ಹೀರತೊಡಗಿದಳು. ಬೃಂದಾ ಫೋನನ್ನು ಕೆಳಗಿಟ್ಟಳು. ಹಸಿವು ಸತ್ತಿರಲಿಲ್ಲ, ಅಪ್ಪಣೆಗೆ ಕಾದಿತ್ತು.

ಮೂಲೆಯಲ್ಲಿ ಪವನ ಅಗಿಯುವುದನ್ನು ನಿಲ್ಲಿಸಿದ್ದ. ಯಾರೂ ಹೇಳದಿದ್ದರೂ ಅವನು ಎದ್ದು ಬಂದು, ಅರ್ಧ ಉಳಿದ ಬಾಳೆಹಣ್ಣಿನ ಸಿಪ್ಪೆಯನ್ನು ಒಂದೊಂದಾಗಿ ಮೇಲಕ್ಕೆ ಮಡಚಿ ಮುಚ್ಚಿ, ಡಾಕ್ಟರ ಮೇಜಿನ ಮೇಲೆ ವಾಪಸು ಇಟ್ಟ.