ಅಣ್ಣನ ಕೂದಲಿನ ಹೊಲಿಗೆ

ಪಂಕಜಳ ಪಕ್ಕೆಯ ಹೊಲಿಗೆ ಮತ್ತೆ ಬಿಚ್ಚಿಕೊಂಡು ಕೀವು ಜಿನುಗುತ್ತಿತ್ತು. ಆಪರೇಷನ್ ಆದವರಿಗೆಲ್ಲ ಹತ್ತಿರದವರ ಕೂದಲಿನಲ್ಲೇ ಹೊಲಿಗೆ. ಕೊಟ್ಟವರಿಗೆ ಅಕ್ಕರೆಯಿದ್ದರೆ ಮಾತ್ರ ಗಾಯ ಕೂಡುತ್ತದೆಂಬುದು ಮಕ್ಕಳಿಗೂ ಗೊತ್ತು. ಅವಳ ಕಿಡ್ನಿ ಪಡೆದ ಅಣ್ಣ ಶಿವಲಿಂಗುವಿಗೆ ಅವಳ ಕೂದಲಿನಲ್ಲೇ ಹೊಲಿದಿದ್ದರು. ಕಲೆಯೂ ಉಳಿಯದಂತೆ ವಾಸಿಯಾಗಿತ್ತು. ಅವಳಿಗೆ ಹಾಕಿದ್ದು ಅವನ ಕೂದಲು.

"ನಿಮ್ಮಣ್ಣನ ಕೂದಲು ಹಿಡೀತಿಲ್ಲ ಕಣಮ್ಮ," ಎಂದಳು ನರ್ಸ್, ಬ್ಯಾಂಡೇಜು ಬಿಚ್ಚುತ್ತ.

ಶಿವಲಿಂಗು ಕಿತ್ತಳೆ ಹಣ್ಣಿನ ಚೀಲ ಕೆಳಗಿಟ್ಟು ತಲೆ ಬಗ್ಗಿಸಿದ. "ಇನ್ನೊಂದಿಷ್ಟು ಕತ್ತರಿಸ್ಕೊಳ್ಳಿ ಸಿಸ್ಟರ್. ತಂಗಿಗಿಂತ ಕೂದಲು ಹೆಚ್ಚಾ?"

ನರ್ಸ್ ಕತ್ತರಿ ತೆಗೆದಳು. ಪಂಕಜ ಅವಳ ಕೈ ಹಿಡಿದುಕೊಂಡಳು.

"ಬೇಡ ಸಿಸ್ಟರ್. ಕಲೆ ಉಳಿದ್ರೆ ಉಳೀಲಿ. ದಿಕ್ಕಿಲ್ಲದೋರಿಗೆ ಹಾಕ್ತೀರಲ್ಲ, ಆ ಆಸ್ಪತ್ರೆ ದಾರಾನೇ ಹಾಕಿ."